ಎರಡು ಕತ್ತರಿ, ಒಂದು ಕನ್ನಡಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕ್ಷೌರಿಕರು. ಬೀದಿಯ ಒಂದು ಬದಿಗೆ ಅವರ ಕಟಿಂಗ್ ಅಂಗಡಿ, ಇನ್ನೊಂದು ಬದಿಗೆ ನನ್ನ ಟೈಲರ್ ಅಂಗಡಿ. ಹೊಲಿಗೆ ಮಿಷನ್ ತುಳಿಯುತ್ತ ತಲೆ ಎತ್ತಿದರೆ ನನಗೆ ಕಾಣುವುದು ಅವರ ಅಂಗಡಿಯೇ, ನೋಡಬಾರದು ಅಂದುಕೊಂಡರೂ ಕಾಣುತ್ತದೆ, ಬೀದಿ ಕಿರಿದು, ಮಾತೂ ಕೇಳಿಸುತ್ತದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ನಾನೇ ಕಣ್ಣಾರೆ ಕಂಡದ್ದು. ಉಳಿದದ್ದು ಅಕ್ಕ ಹೇಳಿದ್ದು. ನಮ್ಮಕ್ಕ ಸುಳ್ಳು ಹೇಳುವವಳಲ್ಲ, ಸ್ವಲ್ಪ ಉಪ್ಪುಖಾರ ಸೇರಿಸುತ್ತಾಳೆ ಅಷ್ಟೆ.

ಜನ ಭಾವನನ್ನು ದೊಡ್ಡ ಕತ್ತರಿ ಅನ್ನುತ್ತಾರೆ, ಅವರ ತಮ್ಮನನ್ನು ಸಣ್ಣ ಕತ್ತರಿ. ಅಂಗಡಿ ಇಬ್ಬರದ್ದೂ. ಅವರಪ್ಪ ಗೋಡೆ ಉದ್ದಕ್ಕೂ ಒಂದೇ ಕನ್ನಡಿ ಹಾಕಿಸಿ, ಅದರ ಮುಂದೆ ಎರಡು ತಿರುಗುವ ಕುರ್ಚಿ ಇಟ್ಟು ಹೋಗಿದ್ದರು. ಜೊತೆಗೆ ಒಂದು ಮಾತನ್ನೂ ಬಿಟ್ಟು ಹೋಗಿದ್ದರು: ಕ್ಷೌರಿಕ ತನ್ನ ಹಿಂದಲೆಯನ್ನು ತಾನೇ ಕತ್ತರಿಸಿಕೊಳ್ಳಲಾರ, ಹಾಗಂತ ಪರರ ಕುರ್ಚಿಯಲ್ಲಿ ಹೋಗಿ ಕೂರಲೂಬಾರದು, ಕೂತರೆ ತನ್ನ ಅಂಗಡಿಗೆ ತಾನೇ ಬೀಗ ಹಾಕಿಕೊಂಡ ಹಾಗೆ. ಅದಕ್ಕೇ ಮೀಸೆ ಚಿಗುರುವ ಮೊದಲಿನಿಂದಲೂ ಅಣ್ಣನ ತಲೆ ತಮ್ಮನ ಕೈಲಿ, ತಮ್ಮನ ತಲೆ ಅಣ್ಣನ ಕೈಲಿ. ತಿಂಗಳಿಗೊಂದು ಮಧ್ಯಾಹ್ನ ಬಾಗಿಲನ್ನು ಅರ್ಧ ಎಳೆದುಕೊಂಡು, ಒಬ್ಬರಾದ ಮೇಲೆ ಒಬ್ಬರು ಕೂತು ಕತ್ತರಿಸಿಕೊಳ್ಳುತ್ತಿದ್ದರು. ಇಬ್ಬರ ಕತ್ತಿನ ಹಿಂದೆಯೂ ಸ್ಕೇಲ್ ಇಟ್ಟು ಎಳೆದಂಥ ಗೆರೆ. ಅದು ಅವರಪ್ಪ ಕಲಿಸಿದ ಗೆರೆ. ಅಂಗಡಿಗೆ ಬೋರ್ಡೇ ಬೇಕಿರಲಿಲ್ಲ, ಇವರಿಬ್ಬರೂ ಬೆನ್ನು ತಿರುಗಿಸಿ ಬೀದಿಯಲ್ಲಿ ನಡೆದರೆ ಸಾಕಿತ್ತು.

ಭಾವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ, ಚರ್ಚಿನ ಜಗಳ. ಹಾಡಿಗೆ ಗಿಟಾರು ಬೇಕೋ ಬೇಡವೋ, ಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು ಕೈಲಿ ತಗೋಬೇಕೋ ನಾಲಿಗೆಯ ಮೇಲೋ, ಫಾದರ್ ಉಪದೇಶ ಹೇಳುವ ಪ್ರಸಂಗ ಉದ್ದವಾಯಿತೋ ಗಿಡ್ಡವಾಯಿತೋ, ಎಲ್ಲದಕ್ಕೂ ಅವರಲ್ಲಿ ತೀರ್ಪು ಸಿದ್ಧ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದ ಮೇಲೆ ಅವನು ಎದ್ದು ಹೋಗುವ ಹಾಗೂ ಇಲ್ಲ. ಒಂದೊಂದು ವಾದ ಮುಗಿಯುವಷ್ಟರಲ್ಲಿ ಎಷ್ಟೋ ಪಾಪದವರು ಬೇಕಾದ್ದಕ್ಕಿಂತ ಹೆಚ್ಚು ಕೂದಲು ಕಳಕೊಂಡು ಮನೆಗೆ ಹೋಗಿದ್ದಾರೆ. ಅದರಲ್ಲಿ ನಾನೂ ಒಬ್ಬ.

ಕೊನೆಗೆ ಆ ಚಟ ಮನೆಯನ್ನೇ ಒಡೆಯಿತು. ಚರ್ಚಿನಲ್ಲಿ ಬಲಿಪೀಠದ ಮುಂದೆ ಹಳೆಯ ಮರದ ಕಟಕಟೆ ಇದೆ. ಜನ ಅದರ ಮುಂದೆ ಸಾಲಾಗಿ ಮೊಣಕಾಲೂರಿ ಪ್ರಸಾದ ತಗೊಳ್ಳುವುದು ಹಿಂದಿನ ಪದ್ಧತಿ. ಹೊಸದಾಗಿ ಬಂದ ಫಾದರ್, ಅದು ಅಡ್ಡವಾಗಿದೆ, ತೆಗೆಯೋಣವೇ ಅಂತ ಸಭೆ ಕರೆದು ಕೇಳಿದರು. ಇರಲೇಬೇಕು ಅಂತ ಭಾವ ಎದ್ದು ನಿಂತರು. ಇರಲೇಬಾರದು, ದೇವರಿಗೂ ಜನಕ್ಕೂ ನಡುವೆ ಬೇಲಿ ಯಾಕೆ ಅಂತ ತಮ್ಮ ಎದ್ದ. ಸಭೆ ತೀರ್ಮಾನಕ್ಕೆ ಬರದೆ ಎರಡು ಪಾಲಾಯಿತು. ಒಂದು ಪಾಲಿಗೆ ಇವರು ಮುಂದಾಳು, ಇನ್ನೊಂದಕ್ಕೆ ಅವನು. ಮಾತಿಗೆ ಮಾತು ಬೆಳೆದು, ಎಲ್ಲರೆದುರಿಗೆ ಭಾವ, "ಅಪ್ಪ ಇದ್ದಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ ಕಣೋ" ಅಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮರುದಿನವೇ ಬಡಗಿಯನ್ನು ಕರೆಸಿ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಹಾಕಿಸಿದ. ಇನ್ನೊಂದು ಬಾಗಿಲನ್ನೂ ಇಡಿಸಿಕೊಂಡ. ಕನ್ನಡಿ ಕೊಯ್ಯಲು ಮಾತ್ರ ಬಡಗಿ ಒಪ್ಪಲಿಲ್ಲ. ಕೊಯ್ದರೆ ಪೂರ್ತಿ ಬಿರಿಯುತ್ತೆ ಅಂದ. ಹಾಗಾಗಿ ಗೋಡೆ ಕನ್ನಡಿಗೆ ಒಂದು ಗೇಣು ಇರುವಾಗಲೇ ನಿಂತಿತು. ಆ ಸಂದಿಯಲ್ಲಿ ಅಣ್ಣನಿಗೆ ತಮ್ಮನ ಪ್ರತಿಬಿಂಬ, ತಮ್ಮನಿಗೆ ಅಣ್ಣನದು. ಕಣ್ಣು ಕೂಡಿದರೆ ಇಬ್ಬರೂ ತಟ್ಟನೆ ಗಿರಾಕಿಯ ತಲೆ ನೋಡುತ್ತಿದ್ದರು.

ಮಾತು ನಿಂತರೂ ಕೂದಲು ಬೆಳೆಯುವುದು ನಿಲ್ಲಲಿಲ್ಲ. ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ, ಅಪ್ಪನ ಮಾತು. ಸಣ್ಣ ಕತ್ತರಿಯ ತಲೆಗೆ ಅವನ ಹೆಂಡತಿ ಕೈ ಹಾಕಿದಳು. ಭಾವನ ತಲೆಗೆ ನಮ್ಮಕ್ಕ. ನಮ್ಮಕ್ಕ ತರಕಾರಿ ಹೆಚ್ಚುವುದರಲ್ಲಿ ಎತ್ತಿದ ಕೈ, ಆದರೆ ಗಂಡನ ಹಿಂದಲೆ ಮೇಕೆ ಮೇಯ್ದ ಬೇಲಿಯಂತಾಯಿತು. ಆ ಕಡೆಯದು ಇನ್ನೂ ಚೆಂದ, ಒಂದು ಕಿವಿಯ ಹಿಂದೆ ಗುಡ್ಡ, ಇನ್ನೊಂದು ಕಿವಿಯ ಹಿಂದೆ ಬಯಲು. ಊರಿನ ತಲೆಗಳನ್ನೆಲ್ಲ ಓರಣ ಮಾಡುವ ಇಬ್ಬರೂ ಇಂಥ ತಲೆ ಹೊತ್ತುಕೊಂಡು ಓಡಾಡಿದರೆ ಜನ ನಗದೆ ಇರುತ್ತಾರೆಯೇ? ನಕ್ಕರು. ನಾನು ಮೊದಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಭಾವ ಕೈಗನ್ನಡಿಯನ್ನು ತಲೆಯ ಹಿಂದೆ ಹಿಡಿದು, ಆ ಹಾಳುಬಿದ್ದ ಗೆರೆ ನೋಡಿಕೊಳ್ಳುತ್ತ ಸುಮ್ಮನೆ ನಿಂತಿರುತ್ತಿದ್ದರು. ತಮ್ಮ ಬೇಕಾಗಿದ್ದ ಅವರಿಗೆ. ಬಾಯಿಬಿಟ್ಟು ಹೇಳಲು ಮಾತ್ರ ಆ ದೊಡ್ಡ ಬಾಯಿಗೆ ಬರುತ್ತಿರಲಿಲ್ಲ.

ಈಸ್ಟರ್‌ಗೆ ಮುಂಚಿನ, ಇಷ್ಟವಾದದ್ದನ್ನು ಬಿಟ್ಟು ವ್ರತ ಹಿಡಿಯುವ ನಲವತ್ತು ದಿನದ ತಪಸ್ಸುಕಾಲ ಬಂತು. ಅದು ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಮನೆಗೆ ಬಂದ ಭಾವ, ಈ ಸಲ ಮಾಂಸದ ಜೊತೆ ಸಕ್ಕರೆಯನ್ನೂ ಬಿಡ್ತೀನಿ ಅಂತ ಗಂಭೀರವಾಗಿ ಘೋಷಿಸಿದರು. ಅಕ್ಕ ಪಾತ್ರೆ ತಿಕ್ಕುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ಸಕ್ಕರೆ ಬಿಟ್ರೆ ನಂಗೆ ಉಳಿತಾಯ, ದೇವರಿಗೇನು ಬಂತು? ನಿಮ್ಮ ನಾಲಿಗೆಗೆ ರುಚಿ ಇರೋದು ಚರ್ಚಿನ ಜಗಳದಲ್ಲಿ. ಅದನ್ನ ಬಿಡಿ ನೋಡೋಣ."

"ಅದೇನು ಮಹಾ?"

"ಮಹಾ ಅಲ್ಲ ಅಂದ್ರೆ ಬಿಡಿ. ಈಸ್ಟರ್ ತನಕ. ಗಿಟಾರು, ಕಟಕಟೆ, ಫಾದರ್ ಪ್ರಸಂಗ, ಯಾವುದೂ ಇಲ್ಲ. ಹೊಗಳೋದೂ ಬೇಡ, ತೆಗಳೋದೂ ಬೇಡ. ನಿಮ್ಮಿಂದ ಆಗಲ್ಲ ಬಿಡಿ."

ಈ ಕೊನೆಯ ಮಾತೊಂದು ಇಲ್ಲದಿದ್ದರೆ ಭಾವ ಏನೋ ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. "ಆಗಲ್ಲ" ಅಂದದ್ದೇ ಕೆಟ್ಟಿತು. ಹಣೆಯ ಬೂದಿ ಮುಟ್ಟಿಕೊಂಡು ದೇವರಿಗೆ ಮಾತು ಕೊಟ್ಟರು. ಮರುದಿನ ಅಂಗಡಿಯಲ್ಲಿ ಒಂದು ರಟ್ಟು ತೂಗಿತು: "ಈಸ್ಟರ್ ತನಕ ಇಲ್ಲಿ ಚರ್ಚಿನ ವಿಷಯ ಮಾತಾಡುವುದಿಲ್ಲ."

ಸುದ್ದಿ ಕೇಳಿ ಜನ ಅದನ್ನು ನೋಡುವುದಕ್ಕೇ ಬಂದರು. ಕೂದಲು ಇಲ್ಲದವರೂ ಬಂದರು. ಎಲ್ಲರಿಗಿಂತ ಮುಂದೆ ಬಂದವನು ಟಾಂಟಾಂ. ಅವನು ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಗ ಟಿಕೆಟ್ ಹರಿಯುವ ಬದಲು ಸುದ್ದಿ ಹಂಚುತ್ತಾನೆ, ಅದಕ್ಕೆ ಆ ಹೆಸರು. ಕುರ್ಚಿಯಲ್ಲಿ ಕೂತವನೇ, "ಮುಂದಿನ ವಾರದಿಂದ ಡ್ರಮ್ಮೂ ಬಾರಿಸ್ತಾರಂತೆ" ಅಂದ.

ಭಾವನ ಕತ್ತರಿ ಗಾಳಿಯಲ್ಲಿ ಕಚಕಚ ಅಂತ ಆಡಿತು. ಕಿವಿ ಕೆಂಪಾದವು. ಆಮೇಲೆ, "ತಲೆ ಸ್ವಲ್ಪ ಬಗ್ಗಿಸಿ" ಅಂದರು.

"ಅಲ್ಲಾ, ಪೂಜೆ ಹೊತ್ತಲ್ಲಿ ಡ್ರಮ್ಮು..."

"ಇನ್ನೂ ಸ್ವಲ್ಪ ಬಗ್ಗಿಸಿ."

ಅದೇ ಅವರ ಮಂತ್ರವಾಯಿತು. ಯಾರು ಏನು ಕೆದಕಿದರೂ ಒಂದೇ ಉತ್ತರ, ತಲೆ ಬಗ್ಗಿಸಿ. ಗದ್ದ ಎದೆಗೆ ತಾಗುವವರೆಗೆ ಬಗ್ಗಿಸಿದವನು ಇನ್ನೇನು ಮಾತಾಡಿಯಾನು? ಮೊದಲ ವಾರ ಮಾತ್ರ ಭಾವನ ಪಾಡು ನಾಯಿಪಾಡು. ಊಟಕ್ಕೆ ಕೂತವರು ನಡುವೆ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ತಮ್ಮಷ್ಟಕ್ಕೆ ಗೊಣಗುವುದು. ಅಕ್ಕ ಬಾಗಿಲು ತಟ್ಟಿ, "ದೇವರಿಗೆ ಬಚ್ಚಲಲ್ಲೂ ಕೇಳ್ಸುತ್ತೆ ಕಣ್ರೀ" ಅಂದಳಂತೆ. ಇದರಲ್ಲಿ ಉಪ್ಪುಖಾರ ಎಷ್ಟೋ ನನಗೆ ಗೊತ್ತಿಲ್ಲ.

ಆದರೆ ಒಂದು ಸಂಗತಿಯನ್ನು ಯಾರೂ ಎಣಿಸಿರಲಿಲ್ಲ. ಭಾವನ ಬಾಯಿ ಮುಚ್ಚಿದ ಮೇಲೆ ಅವರ ಕಿವಿ ತೆರೆಯಿತು. ಪ್ಲೈವುಡ್ಡಿನ ಆಚೆಯಿಂದ ತಮ್ಮನ ಅಂಗಡಿ ಕೇಳಿಸತೊಡಗಿತು. ಅವನ ಒಣಕೆಮ್ಮು. ಬ್ಲೇಡು ಬದಲಿಸುವಾಗ ಅವರಪ್ಪ ಗುನುಗುತ್ತಿದ್ದ ಅದೇ ರಾಗ. ಗಿರಾಕಿಯ ಮುಖಕ್ಕೆ ನೀರು ಚಿಮುಕಿಸುವ ಮೊದಲು "ತಣ್ಣಗಿದೆ, ಹೆದರ್ಬೇಡಿ" ಅನ್ನುವುದು. ಒಂದು ಸಂಜೆ ನನ್ನ ಅಂಗಡಿಗೆ ಬಂದು ಗುಂಡಿ ಡಬ್ಬಿಯೊಳಗೆ ಬೆರಳಾಡಿಸುತ್ತ, "ಅವನಿಗೆ ಕೆಮ್ಮು ಜಾಸ್ತಿಯಾಗಿದೆ ಕಣೋ" ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಮರುದಿನ ಅಕ್ಕ ಕೆಮ್ಮಿನ ಔಷಧಿ ಬಾಟಲಿಯೊಂದನ್ನು ತಮ್ಮನ ಹೆಂಡತಿಗೆ ಕೊಟ್ಟು ಬಂದಳು. ಯಾರು ಕಳಿಸಿದ್ದು ಅಂತ ಅವಳೂ ಕೇಳಲಿಲ್ಲ.

ಟಾಂಟಾಂ ಮಾತ್ರ ಸುಮ್ಮನಿರಲಿಲ್ಲ. ಈ ಕಡೆ ಬೇಳೆ ಬೇಯದಿದ್ದಾಗ ಮುಂದಿನ ಸಲ ಗಡ್ಡಕ್ಕೆ ಆ ಕಡೆ ಹೋದ. ನಾನು ಕಾಲರ್ ಹೊಲಿಯುತ್ತಿದ್ದೆ, ಎರಡೂ ಬಾಗಿಲು ತೆರೆದಿದ್ದವು. ಭಾವ ಖಾಲಿ ಕುರ್ಚಿ ಒರೆಸುತ್ತಿದ್ದರು. ಟಾಂಟಾಂನ ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯ ಮೇಲೆ ಇನ್ನೂ ನೊರೆ.

"ನಿಮ್ಮಣ್ಣ ಸೋತ್ರು ಬಿಡಿ," ಅಂದ. "ವಾದಕ್ಕೆ ಜೀವ ಇಲ್ದೆ ವ್ರತದ ನೆಪ ಹಿಡ್ಕೊಂಡಿದಾರೆ. ಈಗ ಕಟಕಟೆ ಕಿತ್ತಾಕೋದು ಸಲೀಸು."

ಸಣ್ಣ ಕತ್ತರಿ ರೇಜರ್ ಕೆಳಗಿಟ್ಟ. "ಯಾರು ಸೋತಿದ್ದು?"

"ನಿಮ್ಮಣ್ಣ."

"ನೋಡಿ ಸ್ವಾಮಿ, ನಮ್ಮಣ್ಣನ್ನ ಬಯ್ಯೋಕೆ ನಾನಿದ್ದೀನಿ. ಆ ಕೆಲಸಕ್ಕೆ ಆಳು ಇಟ್ಕೊಂಡಿಲ್ಲ. ಎದ್ದೇಳಿ."

"ಇನ್ನೂ ಅರ್ಧ ಇದೆಯಲ್ಲಪ್ಪ!"

"ಆ ಅರ್ಧ ಎಲ್ಲಾದ್ರೂ ಮಾಡಿಸ್ಕೊಳ್ಳಿ."

ಅರ್ಧ ನೊರೆ ಹೊತ್ತುಕೊಂಡು ಟಾಂಟಾಂ ಬೀದಿಗೆ ಬಂದ. ಆಚೆ ಈಚೆ ನೋಡಿದ. ಆ ಅವತಾರದಲ್ಲಿ ಮನೆಗೆ ಹೋಗುವ ಹಾಗಿರಲಿಲ್ಲ. ಕೊನೆಗೆ ತಲೆ ತಗ್ಗಿಸಿಕೊಂಡು ಭಾವನ ಬಾಗಿಲಿಗೇ ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಭಾವ ಕುರ್ಚಿ ತೋರಿಸಿದರು, ಬಟ್ಟೆ ಹೊದಿಸಿದರು, "ಗದ್ದ ಎತ್ತಿ" ಅಂದು ಉಳಿದರ್ಧ ಬೋಳಿಸಿ ಕಳಿಸಿದರು. ಬೋಳಿಸುವ ನಡುವೆ ಕನ್ನಡಿಯಲ್ಲಿ ತಮ್ಮನ ಕಣ್ಣು ಕಂಡಾಗ ಅವರು ಈ ಸಲ ಗಿರಾಕಿಯ ಕಡೆ ನೋಡಲಿಲ್ಲ. ಜಗಳವಾದ ಮೇಲೆ ಅಣ್ಣತಮ್ಮ ಸೇರಿ ಮಾಡಿದ ಮೊದಲ ಕೆಲಸ ಅಂದರೆ ಟಾಂಟಾಂನ ಗಡ್ಡ. ನನಗೆ ಎಷ್ಟು ಖುಷಿಯಾಯಿತೆಂದರೆ ಕಾಲರನ್ನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದೆ.

ಆಮೇಲೆ ಬಂದದ್ದು ನಿಜವಾದ ಪರೀಕ್ಷೆ. ಕಟಕಟೆ ಉಳಿಸಬೇಕೆನ್ನುವವರ ಗುಂಪು ಒಂದು ಸಂಜೆ ಅಂಗಡಿಗೆ ನುಗ್ಗಿತು. ನಾಳೆ ಬಡಗಿ ಬರುತ್ತಾನೆ, ಎಲ್ಲರೂ ಹೋಗಿ ಕಟಕಟೆ ಹಿಡಿದುಕೊಂಡು ಕೂರಬೇಕು, ನೀವೇ ಮುಂದೆ ಇರಬೇಕು ಅಂದರು. ಭಾವ ಕತ್ತರಿ ಕೆಳಗಿಟ್ಟರು. ಆ ಕಟಕಟೆಯ ಮುಂದೆಯೇ ಅವರ ಮದುವೆಯಾದದ್ದು. ಅವರಪ್ಪನ ಶವದ ಪೆಟ್ಟಿಗೆ ಇಟ್ಟದ್ದೂ ಅಲ್ಲೇ. ನಾನು ಬಾಗಿಲಲ್ಲಿ ನಿಂತಿದ್ದೆ, ಅವರು ಹೋಗುತ್ತಾರೆ ಅಂತಲೇ ಅಂದುಕೊಂಡೆ. ಹೋಗಿದ್ದರೆ ಆ ಕಡೆಯಿಂದ ತಮ್ಮನೂ ಬರುತ್ತಿದ್ದ, ಬಲಿಪೀಠದ ಮುಂದೆಯೇ ಇಬ್ಬರೂ ಕೈ ಕೈ ಮಿಲಾಯಿಸುತ್ತಿದ್ದರು, ಪ್ಲೈವುಡ್ಡು ಕಲ್ಲಿನ ಗೋಡೆಯಾಗುತ್ತಿತ್ತು.

"ಈಸ್ಟರ್ ತನಕ ಆಗಲ್ಲ," ಅಂದರು ಭಾವ.

"ಈಸ್ಟರ್ ಹೊತ್ತಿಗೆ ಅದು ಸೌದೆ ಆಗಿರುತ್ತೆ."

"ಆಗ್ಲಿ. ದೇವರಿಗೆ ಮಾತು ಕೊಟ್ಟಿದ್ದೀನಿ. ಹೆಂಡತಿಗೂ ಕೊಟ್ಟಿದ್ದೀನಿ. ದೇವರು ಕ್ಷಮಿಸ್ಬಹುದು."

ಯಾರೂ ನಗಲಿಲ್ಲ. ಒಬ್ಬ ಹೇಡಿ ಅಂದ, ಇನ್ನೊಬ್ಬ ಇನ್ನು ಈ ಅಂಗಡಿ ಮೆಟ್ಟಿಲು ತುಳಿಯಲ್ಲ ಅಂದ. ಅವರು ಹೋದ ಮೇಲೆ ಭಾವ ಕಸಬರಿಗೆ ತಗೊಂಡು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದರು. ಪ್ಲೈವುಡ್ಡಿನ ಆಚೆ ಕೆಮ್ಮೂ ಇಲ್ಲ, ರಾಗವೂ ಇಲ್ಲ. ತಮ್ಮ ಉಸಿರು ಹಿಡಿದು ಕೇಳುತ್ತಿದ್ದ.

ಮರುದಿನ ಅವನೂ ಚರ್ಚಿಗೆ ಹೋಗಲಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ, ಇಲ್ಲಂತೂ ಎರಡು ಕೈಯೂ ಇರಲಿಲ್ಲ. ಎರಡೂ ಗುಂಪಿನವರು ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡು ನಿಂತು ಕೆಲಸಕ್ಕೆ ಹೋದರು. ಫಾದರ್ ಬಡಗಿಯಿಂದ ಕಟಕಟೆಯ ನಡುವಿನ ಪುಟ್ಟ ಬಾಗಿಲನ್ನಷ್ಟೇ ತೆಗೆಸಿ, ಗೆದ್ದಲು ಹಿಡಿದ ಒಂದು ಕಾಲನ್ನು ಬದಲಿಸಿದರು. ಬೇಕಾದವರು ಮೊಣಕಾಲೂರಲಿ, ಬೇಕಾದವರು ನಿಲ್ಲಲಿ ಅಂದರು. ವರ್ಷವಿಡೀ ಊರು ಹೊತ್ತಿ ಉರಿದದ್ದು ಇಷ್ಟಕ್ಕೆ.

ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಫಾದರ್ ಇನ್ನೊಂದು ಬಾಂಬ್ ಹಾಕಿದರು. ಪವಿತ್ರ ಗುರುವಾರದ ಪೂಜೆಯಲ್ಲಿ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ, ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಆ ಹನ್ನೆರಡರಲ್ಲಿ ದೊಡ್ಡ ಕತ್ತರಿ, ಪಕ್ಕದಲ್ಲಿ ಸಣ್ಣ ಕತ್ತರಿ. ಪೂಜೆ ಮುಗಿದ ಮೇಲೆ ಯಾರೋ ಹೋಗಿ ಕೇಳಿದಾಗ ಫಾದರ್, "ಶಿಷ್ಯರಲ್ಲೂ ಅಣ್ಣತಮ್ಮಂದಿರು ಇದ್ರಲ್ಲ. ಅವರೂ ಜಗಳ ಆಡಿರ್ತಾರೆ" ಅಂದರಂತೆ.

ಭಾವನ ಮುಖ ಬಿಳುಚಿತು. ಕಾಲು ತೊಳೆಸಿಕೊಳ್ಳುವ ಭಯವಲ್ಲ. ಆ ಹನ್ನೆರಡು ಜನ ಕೂರುವುದು ಬಲಿಪೀಠಕ್ಕೆ ಮುಖ ಮಾಡಿ, ಮುಂದಿನ ಬೆಂಚಿನಲ್ಲಿ. ಬೆನ್ನು ಇಡೀ ಸಭೆಗೆ. ಮೇಕೆ ಮೇಯ್ದ ಬೇಲಿಯೂ ಗುಡ್ಡ ಬಯಲೂ ಪಕ್ಕಪಕ್ಕದಲ್ಲಿ, ಎಲ್ಲರ ಕಣ್ಣೆದುರು, ಪೂಜೆ ಮುಗಿಯುವವರೆಗೆ. ಅವರಪ್ಪ ಕಲಿಸಿದ ಗೆರೆಗೆ ಅದಕ್ಕಿಂತ ದೊಡ್ಡ ಅವಮಾನ ಇದೆಯೇ? ಅಕ್ಕ ಕತ್ತರಿ ತಗೊಂಡು ಬಂದಳು. ಭಾವ ಕೈಮುಗಿದು, "ನೀನು ದಯವಿಟ್ಟು ದೂರ ಇರು ಕಣೇ" ಅಂದರು.

ಗುರುವಾರ ಮಧ್ಯಾಹ್ನ. ಎರಡೂ ಕಡೆ ಗಿರಾಕಿಗಳು ಹೋಗಿಯಾಗಿತ್ತು. ಸಂಜೆಯ ಪೂಜೆಯ ಗಂಟೆಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಭಾವ ಬಟ್ಟೆ ಒದರಿ ಮಡಿಸಿಟ್ಟು ಈಚೆಯ ಬಾಗಿಲಿನಿಂದ ಹೊರಗೆ ಬಂದರು. ಬೀದಿಯಲ್ಲಿ ಒಂದು ಕ್ಷಣ ನಿಂತು ನನ್ನ ಕಡೆ ನೋಡಿದರು. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿದ್ದೆ. ಭಾವ ಪ್ಲೈವುಡ್ ಗೋಡೆಯನ್ನು ಸುತ್ತಿ ಆಚೆಯ ಬಾಗಿಲಿನಿಂದ ಒಳಗೆ ಹೋಗಿ ತಮ್ಮನ ಕುರ್ಚಿಯಲ್ಲಿ ಕೂತುಬಿಟ್ಟರು.

"ಹಿಂದೆ ಸ್ವಲ್ಪ ನೋಡು," ಅಂದರು.

ತಮ್ಮ ಎದ್ದು ಹಿಂದೆ ಬಂದು ನಿಂತ. ಬಟ್ಟೆ ಹೊದಿಸಿದ. ಬೆರಳಿನಿಂದ ಹಿಂದಲೆಯನ್ನು ಒಂದು ಸಲ ಸವರಿ ನೋಡಿ, "ಅತ್ತಿಗೆ ಕೈಗೆ ಕತ್ತರಿ ಕೊಟ್ಟೋರು ಯಾರು?" ಅಂದ. "ತಲೆ ಬಗ್ಗಿಸು."

ಭಾವ ಬಗ್ಗಿಸಿದರು. ಕತ್ತರಿ ಓಡಿತು, ಆಮೇಲೆ ಕೂದಲು ಕತ್ತರಿಸುವ ಮಿಷನ್, ಆಮೇಲೆ ರೇಜರ್. ರೇಜರನ್ನು ಕತ್ತಿನ ಮೇಲಿಟ್ಟು ತಮ್ಮ ಕೈ ನಿಲ್ಲಿಸಿದ. "ಕಟಕಟೆ ವಿಷಯದಲ್ಲಿ ನಾನು ಹೇಳಿದ್ದೇ ಸರಿ ಅಂತ ಒಪ್ಕೋ."

"ಈಸ್ಟರ್ ತನಕ ಮಾತಾಡಲ್ಲ."

"ಆಮೇಲೆ?"

"ಆಮೇಲೆ ನೀನು ಹೇಳಿದ್ದು ತಪ್ಪು ಅಂತೀನಿ."

ತಮ್ಮ ನಕ್ಕ. ರೇಜರ್ ತೆಗೆದು ನಕ್ಕ, ಕೆಮ್ಮು ಬರುವವರೆಗೆ ನಕ್ಕ. ಭಾವ ನಗಲಿಲ್ಲ. ಬಗ್ಗಿಸಿದ ತಲೆ ಎತ್ತದೆ, "ಅಪ್ಪನ ಹೆಸರು ತಂದು ಅಂದೆನಲ್ಲ, ಅದು ತಪ್ಪು ಕಣೋ. ಅಪ್ಪ ಅಂಗಡಿಯಿಂದ ಬಂದ್ರೆ ಮೊದಲು ನೋಡ್ತಿದ್ದಿದ್ದೇ ನಿನ್ನ ಮುಖ. ನಂಗೆ ಅದಕ್ಕೆ ಹೊಟ್ಟೆಕಿಚ್ಚಿತ್ತು" ಅಂದರು. ತಮ್ಮ ಬಹಳ ಹೊತ್ತು ಪೌಡರ್ ಹಚ್ಚುತ್ತಲೇ ಇದ್ದ. ಅಷ್ಟು ಪೌಡರ್ ಯಾವ ಕತ್ತಿಗೂ ಬೇಕಾಗುವುದಿಲ್ಲ. ನಾನು ಈ ಕಡೆ ಕೂತು ಅಳುತ್ತಿದ್ದೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಮೇಲೆ ಭಾವ ಎದ್ದು ತಮ್ಮನನ್ನು ಕೂರಿಸಿದರು. ಗುಡ್ಡವನ್ನು ಬಯಲಿಗೆ ಸಮ ಮಾಡುವುದು ಸಣ್ಣ ಕೆಲಸವೇ? ಅರ್ಧವಾಗುವಾಗಲೇ ಮೊದಲ ಗಂಟೆ ಹೊಡೆಯಿತು. ಅಕ್ಕ ಬೀದಿಯಲ್ಲಿ ನಿಂತು, "ಬರ್ತೀರೋ ಇಲ್ವೋ, ಫಾದರ್ ಹತ್ತೇ ಜನರ ಕಾಲು ತೊಳೀಬೇಕಾ?" ಅಂತ ಕೂಗಿದಳು. "ಅಲ್ಲಾಡ್ಬೇಡ, ಅಲ್ಲಾಡ್ಬೇಡ" ಅನ್ನುತ್ತ ಭಾವ ಕೊನೆಯ ಗೆರೆ ಎಳೆದರು. ಒಬ್ಬರ ಅಂಗಿಯ ಗುಂಡಿಯನ್ನು ಇನ್ನೊಬ್ಬರು ಹಾಕಿ, ವಯಸ್ಸು ಮರೆತು ಓಡಿದರು.

ನಾನು ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮುಂದಿನ ಬೆಂಚಿನಲ್ಲಿ ಹನ್ನೆರಡು ಬೆನ್ನು. ನಡುವೆ ಎರಡು ಕತ್ತು, ಪಕ್ಕಪಕ್ಕದಲ್ಲಿ, ಎರಡಕ್ಕೂ ಅದೇ ನೇರ ಗೆರೆ, ಕಾಲರಿನ ಮೇಲೆ ಬಿಳಿ ಪೌಡರ್. ಮೊದಲು ಯಾರೋ ಪಕ್ಕದವನನ್ನು ಮೊಣಕೈಯಿಂದ ತಿವಿದರು. ಆಮೇಲೆ ಸಾಲಿನಿಂದ ಸಾಲಿಗೆ ಪಿಸುಮಾತು ಹಬ್ಬಿತು. ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಆ ಗೆರೆಯನ್ನು ಎಳೆಯಬಲ್ಲವರು ಊರಿನಲ್ಲಿ ಇಬ್ಬರೇ, ಮತ್ತು ತನ್ನ ಕತ್ತಿನ ಮೇಲೆ ಒಬ್ಬ ತಾನೇ ಎಳೆದುಕೊಳ್ಳಲಾರ. ಭಾವನನ್ನು ಹೇಡಿ ಅಂದವನು ನನ್ನ ಮುಂದೆಯೇ ಕೂತಿದ್ದ, ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಟಾಂಟಾಂ ಪಿಸುಮಾತು ದಾಟಿಸುವುದನ್ನೂ ಮರೆತು ಕತ್ತು ಉದ್ದ ಮಾಡಿ ನೋಡುತ್ತಿದ್ದ. ಫಾದರ್ ಭಾವನ ಕಾಲು ತೊಳೆದು ಒರೆಸಿದರು, ತಮ್ಮನ ಕಾಲು ತೊಳೆದರು. ನೀರು ಬಿದ್ದಾಗ ಭಾವ ತಮ್ಮನ ಕಡೆ ಬಗ್ಗಿ ಏನೋ ಅಂದದ್ದು ಕಾಣಿಸಿತು. ಆಮೇಲೆ ಕೇಳಿದರೆ, "ತಣ್ಣಗಿದೆ, ಹೆದರ್ಬೇಡ ಅಂದೆ" ಅಂದರು.

ಈಸ್ಟರ್ ಮುಗಿದ ಮರುದಿನ ಇಬ್ಬರೂ ಸೇರಿ ಪ್ಲೈವುಡ್ ಕಿತ್ತರು. ಅದನ್ನು ನಾನು ತಗೊಂಡು ಬಟ್ಟೆ ಕತ್ತರಿಸುವ ಮೇಜು ಮಾಡಿಸಿಕೊಂಡೆ, ಒಳ್ಳೆಯ ಹಲಗೆ. ಅಂಗಡಿ ಮತ್ತೆ ಒಂದಾಯಿತು, ಕನ್ನಡಿಯಲ್ಲಿ ಎರಡು ಕುರ್ಚಿಯೂ ಕಂಡವು. ಬೆಳಗಿನಿಂದಲೇ ಜನ ತುಂಬಿದ್ದರು. ಹೇಡಿ ಅಂದವನೂ ಇದ್ದ, ಮೆಟ್ಟಿಲು ತುಳಿಯಲ್ಲ ಅಂದವನೂ ಇದ್ದ. ರಟ್ಟು ಮಾತ್ರ ಇರಲಿಲ್ಲ. ಭಾವನ ಕುರ್ಚಿಯಲ್ಲಿದ್ದ ಟಾಂಟಾಂ ತಡೆಯಲಾರದೆ, "ಈಸ್ಟರ್ ಆಯ್ತಲ್ಲ, ಈಗ ಹೇಳಿ. ಕಟಕಟೆ ಇರ್ಬೇಕಾ, ಬೇಡ್ವಾ?" ಅಂದ.

ಎಲ್ಲರೂ ಭಾವನ ಕಡೆ ತಿರುಗಿದರು. ಭಾವ ಕನ್ನಡಿಯಲ್ಲಿ ತಮ್ಮನನ್ನು ನೋಡಿದರು.

"ಇರ್ಬೇಕು," ಅಂದರು.

"ಇರ್ಬಾರ್ದು," ಅಂದ ತಮ್ಮ.

"ಸರಿ. ಆ ಮಿಷನ್ ಈ ಕಡೆ ಕೊಡು."

ತಮ್ಮ ಕೊಟ್ಟ.